ಅಗಸ್ಟೀನನ ‘ದೇವನಗರಿ’ಯಲ್ಲಿ ಪುನರುತ್ಥಾನದ ದೇಹ

‘ಪುನರುತ್ಥಾನ’ವೆಂಬ ಶಬ್ದವು ಬೈಬಲಿನ ಅನುವಾದದ ಮೂಲಕ ಕನ್ನಡದ ಕ್ರೈಸ್ತ ಸಾಹಿತ್ಯದಲ್ಲಿ ನೆಲೆಗೊಂಡಿದೆ. ಶಬ್ದವೇನೋ ಸಮರ್ಪಕವಾದುದೇ, ಬಿದ್ದುದು ಮರಳಿ ಎದ್ದು ನಿಲ್ಲುವುದು ಎಂಬ ಮೂಲ ಗ್ರೀಕ್ ಪದದ ಅರ್ಥವು ಅದರಲ್ಲಿ ಉಳಿದಿದೆ. ಆದರೆ ಕನ್ನಡ ಓದುಗನ ಮನಸ್ಸಿನಲ್ಲಿ ಅದರ ಮಗ್ಗುಲಿಗೇ ‘ಪುನರ್ಜನ್ಮ’ವೂ ‘ಸೂಕ್ಷ್ಮಶರೀರ’ವೂ ಬಂದು ನಿಲ್ಲುತ್ತವೆ. ಜೀರ್ಣವಸ್ತ್ರವನ್ನು ಕಳೆದು ಹೊಸತನ್ನು ಉಡುವ ಗೀತೆಯ ಉಪಮೆಯಲ್ಲಿ ಬೆಳೆದ ಬುದ್ಧಿಗೆ ದೇಹವು ಉಡುಪು, ಉಟ್ಟವನು ಬೇರೆ. ಈ ಸಂಸ್ಕಾರದೊಡನೆ ಸಂತ ಅಗಸ್ಟೀನನ ‘ದೇವನಗರಿ’ಯ ಕಡೆಯ ಸ್ಕಂಧವನ್ನು ತೆರೆದವನಿಗೆ, ಸತ್ತವರ ಕೂದಲು ಉಗುರುಗಳ ಗತಿಯೇನೆಂದು ಗಂಭೀರವಾಗಿ ವಿಚಾರಿಸುವ ಅಧ್ಯಾಯಗಳು ಬಾಲಿಶವಾಗಿ ತೋರುವುದು ಸಹಜ. ಗ್ರಂಥದ ಮರ್ಮವು ಅಡಗಿರುವುದು ಬಾಲಿಶವೆನಿಸುವ ಆ ಅಧ್ಯಾಯಗಳಲ್ಲಿಯೇ.

ಚರ್ಚೆಯ ಮೂಲವು ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 15ನೆಯ ಅಧ್ಯಾಯದಲ್ಲಿದೆ. ಬಿತ್ತಿದ ಕಾಳಿಗೂ ಎದ್ದ ಪೈರಿಗೂ ಇರುವ ಸಂಬಂಧವನ್ನು ಮುಂದಿಟ್ಟು, ಮಣ್ಣಿಗಿಳಿಯುವ ದೇಹವು ಒಂದು ಬಗೆ, ಏಳುವ ಆತ್ಮಿಕ ದೇಹವು ಇನ್ನೊಂದು ಬಗೆ ಎಂದು ಪೌಲನು ಹೇಳುತ್ತಾನೆ. ‘ಆತ್ಮಿಕ ದೇಹ’ವೆಂದರೆ ಆತ್ಮದಿಂದಲೇ ಆದ, ಮಾಂಸರಹಿತವಾದ ಛಾಯಾದೇಹವೆಂದು ಭ್ರಮಿಸಬಾರದು. ಈಗಿನ ದೇಹಕ್ಕೆ ಪೌಲನು ಬಳಸಿದ ವಿಶೇಷಣವೇ ‘ಪ್ರಾಣ’ ಅಥವಾ ‘ಜೀವ’ವೆಂಬರ್ಥದ ಗ್ರೀಕ್ ಪದದಿಂದ ಹುಟ್ಟಿದುದು, ಆದರೂ ಈಗಿನ ದೇಹವು ಜೀವದಿಂದ ಮಾಡಿದುದಲ್ಲ, ಜೀವದ ಆಳ್ವಿಕೆಯಲ್ಲಿರುವುದು. ಹಾಗೆಯೇ ಮುಂದಿನದು ಪವಿತ್ರಾತ್ಮದ ಆಳ್ವಿಕೆಯಲ್ಲಿರುವ ದೇಹ.

ಇದು ಬರಿಯ ಪಂಡಿತರ ತರ್ಕವಾಗಿರಲಿಲ್ಲ. 177ರಲ್ಲಿ ಗಾಲ್ ದೇಶದ ಲಿಯೋನ್ ನಗರದಲ್ಲಿ ಕ್ರೈಸ್ತರನ್ನು ಕೊಂದವರು ಹೆಣಗಳನ್ನು ಆರು ದಿನ ಬಯಲಿನಲ್ಲಿರಿಸಿ, ಬಳಿಕ ಸುಟ್ಟು, ಬೂದಿಯನ್ನು ರೋನ್ ನದಿಗೆ ಗುಡಿಸಿದರೆಂದು ಚರಿತ್ರಕಾರ ಯೂಸೀಬಿಯಸನು ಉಳಿಸಿರುವ ಪತ್ರವು ತಿಳಿಸುತ್ತದೆ. ಇವರಿಗೆ ಎದ್ದುಬರುವ ಆಸೆಯೂ ಉಳಿಯಬಾರದೆಂಬುದು ಕೊಂದವರ ಉದ್ದೇಶ. ಬೂದಿಯಾಗಿ ನೀರಿನಲ್ಲಿ ಹರಿದುಹೋದವನು ಅವನಾಗಿಯೇ ಮರಳುವನೇ? ಕೂದಲು ಉಗುರುಗಳ ಪ್ರಶ್ನೆಯ ಹಿಂದೆ ಇರುವುದು ಈ ಸಂಕಟ. 1995ರಲ್ಲಿ ಈ ನಂಬಿಕೆಯ ಸಾವಿರ ವರ್ಷಗಳ ಇತಿಹಾಸವನ್ನು ಬರೆದ ಕ್ಯಾರೊಲಿನ್ ವಾಕರ್ ಬೈನಮ್ ಅವರು, ಕೊಳೆತು ಚೂರಾಗುವ ಭಯಕ್ಕೆ ಕೊಟ್ಟ ಉತ್ತರವಾಗಿ ಇದನ್ನು ಕಂಡಿರುವುದು ಯುಕ್ತವೇ ಆಗಿದೆ.

ಅಗಸ್ಟೀನನೇ ಮೊದಲು ಈ ಪಕ್ಷದವನಾಗಿರಲಿಲ್ಲ. ಯೌವನದಲ್ಲಿ ದೇಹವನ್ನು ಹಗೆಯೆಂದೆಣಿಸುವ ಮಾನಿಯ ಮತದಲ್ಲಿದ್ದವನು ಅವನು. 393ರಲ್ಲಿ ಹಿಪ್ಪೋ ನಗರದಲ್ಲಿ ಆಫ್ರಿಕದ ಬಿಷಪ್ಪರ ಸಭೆಯ ಮುಂದೆ ಮಾಡಿದ ಉಪನ್ಯಾಸದಲ್ಲಿ, ಸ್ವರ್ಗೀಯ ದೇಹದಲ್ಲಿ ರಕ್ತಮಾಂಸಗಳಿರುವುದಿಲ್ಲವೆಂಬ ಮಾತನ್ನಾಡಿದ್ದನು. ಮುಪ್ಪಿನಲ್ಲಿ ತನ್ನ ಕೃತಿಗಳನ್ನೆಲ್ಲ ಪುನಃ ಪರಿಶೀಲಿಸುವಾಗ, ಅದರಿಂದ ಅಂಗಾಂಗಗಳೇ ಇಲ್ಲವಾಗುವುವೆಂದು ಯಾರೂ ತಿಳಿಯಕೂಡದೆಂದು ತಿದ್ದಿದನು. ಈ ಎರಡು ಗಡುವುಗಳ ನಡುವೆ, 413ರಿಂದ ಸುಮಾರು 426ರವರೆಗೆ, ‘ದೇವನಗರಿ’ಯ ರಚನೆ ನಡೆಯಿತು. ಸಕಲ ದೇಹಗಳನ್ನೂ ತೊರೆದೋಡಬೇಕೆಂದ ಪಾರ್ಫಿರಿಯೇ ಅಲ್ಲಿ ಅವನ ಮುಖ್ಯ ಪ್ರತಿವಾದಿಗಳಲ್ಲೊಬ್ಬನು. ಭಾರತದ ಓದುಗನಿಗೆ ಪಾರ್ಫಿರಿಯ ಮಾತೇ ಹೆಚ್ಚು ಪರಿಚಿತವಾಗಿ ಕೇಳಿಸೀತು!

ವಿರೋಧಿಗಳ ಕುಚೋದ್ಯಗಳನ್ನು ಅಗಸ್ಟೀನನು ಒಂದೊಂದಾಗಿ ಎತ್ತಿಕೊಳ್ಳುತ್ತಾನೆ. ಬದುಕಿನುದ್ದಕ್ಕೂ ಕತ್ತರಿಸಿದ ಕೂದಲೆಲ್ಲ ತಲೆಗೆ ಮರಳಿದರೆ ಆ ರೂಪವನ್ನು ನೋಡಲಾದೀತೇ? ಅವನ ಉತ್ತರ ಕುಂಬಾರನದು: ಮಡಕೆಯನ್ನು ಮುದ್ದೆಮಾಡಿ ಮತ್ತೆ ಮಡಕೆ ಮಾಡುವಾಗ ಹಿಡಿಯ ಮಣ್ಣು ಹಿಡಿಗೇ ಹೋಗಬೇಕಾದುದಿಲ್ಲ, ಇಡಿಯ ಮಣ್ಣು ಇಡಿಯ ಮಡಕೆಗೆ ಸಂದರೆ ಸಾಕು. ಕ್ಷಾಮದಲ್ಲಿ ಮನುಷ್ಯನೊಬ್ಬನು ಮತ್ತೊಬ್ಬನ ಮಾಂಸವನ್ನು ತಿಂದಿದ್ದರೆ? ಅದು ಮೊದಲಿನವನದು, ತಿಂದವನಲ್ಲಿ ಇದ್ದುದು ಸಾಲ, ಸಾಲ ಹಿಂದಿರುಗಬೇಕು. ಹೆಂಗಸರೆಲ್ಲರೂ ಗಂಡಸರಾಗಿ ಏಳುವರೆಂಬ ಕೆಲವರ ಅಭಿಪ್ರಾಯವನ್ನು ಅವನು ಸ್ಪಷ್ಟವಾಗಿ ತಳ್ಳಿಹಾಕುತ್ತಾನೆ. ಸ್ತ್ರೀತ್ವವು ದೋಷವಲ್ಲ, ಪ್ರಕೃತಿ. ವಯಸ್ಸಿನ ವಿಷಯದಲ್ಲಿ ಎಲ್ಲರೂ ಕ್ರಿಸ್ತನು ಮುಟ್ಟಿದ ಮೂವತ್ತರ ಆಸುಪಾಸಿನ ಪ್ರಾಯದಲ್ಲಿ ಏಳುವರೆಂದರೂ, ಸತ್ತಾಗಿನ ರೂಪದಲ್ಲೇ ಏಳುವರೆಂದು ಯಾರಾದರೂ ವಾದಿಸಿದರೆ ಅವರೊಡನೆ ಹೆಣಗಬೇಕಾದುದಿಲ್ಲವೆನ್ನುತ್ತಾನೆ. ಈ ಸಡಿಲಿಕೆ ಗಮನಾರ್ಹವಾದುದು. ವಿವರಗಳಲ್ಲಿ ಅವನಿಗೆ ಹಟವಿಲ್ಲ. ಹಟವಿರುವುದು ಒಂದರಲ್ಲೇ, ಏಳುವವನು ಬೇರೊಬ್ಬನಾಗಬಾರದು. ಉಟ್ಟವನನ್ನು ಉಡುಪಿನಿಂದ ಬಿಡಿಸಿದರೆ ಉಳಿಯುವುದು ಮನುಷ್ಯನ ಅರ್ಧವೆಂಬುದು ಅವನ ನಿಲುವು.

ವಾದವು ಕುಂಟುವುದು ಬೇರೊಂದೆಡೆ. ಅತಿ ಸ್ಥೂಲರೂ ಅತಿ ಕೃಶರೂ ಹಾಗೆಯೇ ಏಳುವುದಿಲ್ಲ, ವಿಕಾರವೆಲ್ಲ ನೀಗುವುದು ಎಂದು ಸಾರಿದ 19ನೆಯ ಅಧ್ಯಾಯದಲ್ಲಿಯೇ ಅವನು ಹುತಾತ್ಮರ ಗಾಯಗಳಿಗೆ ವಿನಾಯಿತಿ ಕೊಡುತ್ತಾನೆ. ಕಡಿದ ಅಂಗಗಳು ಮರಳಿ ಕೂಡುವುವು, ಆದರೆ ಕಲೆಗಳು ಕಾಣಬಹುದು. ಅವು ವಿಕಾರವಲ್ಲ, ಗೌರವ. ಹಾಗಾದರೆ ಯಾವ ಗುರುತು ಕುಂದು, ಯಾವುದು ಕಾಂತಿ ಎಂದು ಗೊತ್ತುಮಾಡುವ ಅಳತೆಗೋಲು ಯಾವುದು? ಸೌಂದರ್ಯವೆಂದು ಅವನೆನ್ನುವುದು ರೋಮನ್ ಶಿಲ್ಪಿಯ ಅಂಗಪ್ರಮಾಣಕ್ಕಿಂತ ಬಹಳ ದೂರವಿಲ್ಲವೆಂಬ ಶಂಕೆ ಇಲ್ಲಿ ಏಳದಿರದು. ಅಮೆರಿಕದ ನ್ಯಾನ್ಸಿ ಐಸ್‌ಲ್ಯಾಂಡ್ ಅವರು 1994ರಲ್ಲಿ ಪ್ರಕಟಿಸಿದ ‘ದಿ ಡಿಸೇಬಲ್ಡ್ ಗಾಡ್’ ಎಂಬ ಗ್ರಂಥವು ಈ ಬಿರುಕಿನೊಳಕ್ಕೇ ಕೈಯಿಕ್ಕುತ್ತದೆ. ಎದ್ದುಬಂದ ಕ್ರಿಸ್ತನೇ ಶಿಷ್ಯರಿಗೆ ಗಾಯಗೊಂಡ ಕೈಗಳನ್ನೂ ಪಕ್ಕೆಯನ್ನೂ ತೋರಿಸಿದನಲ್ಲವೇ, ಹಾಗಿರುವಾಗ ಅಂಗವೈಕಲ್ಯವುಳ್ಳ ದೇಹವನ್ನು ಅಳಿಸಬೇಕಾದ ಕುಂದೆಂದು ಎಣಿಸುವುದೇಕೆ ಎಂಬುದು ಆ ಗ್ರಂಥದ ಆಕ್ಷೇಪದ ಸಾರ.

ಇದಕ್ಕೆ ಉತ್ತರದ ಎಳೆಯು ಅಗಸ್ಟೀನನಲ್ಲಿಯೇ ಇಲ್ಲದಿಲ್ಲ. ಹುತಾತ್ಮರ ಕಲೆಗಳು ಉಳಿಯಬೇಕೆಂಬುದಕ್ಕೆ ಅವನು ಮೊದಲು ಮುಂದಿಡುವುದು ಶಾಸ್ತ್ರಪ್ರಮಾಣವನ್ನಲ್ಲ, ಅವರ ಮೇಲಿನ ಪ್ರೀತಿಯನ್ನು; ಹೇಗೋ ಏನೋ ಆ ಕಲೆಗಳನ್ನು ಅಲ್ಲಿಯೂ ಕಾಣಬೇಕೆಂಬ ಆಸೆ ಹುಟ್ಟುತ್ತದೆಂದು ಒಪ್ಪಿಕೊಳ್ಳುತ್ತಾನೆ. ಪ್ರೀತಿಯೇ ಅಳತೆಗೋಲಾದರೆ, ಕುಂಟುವ ಮಗನ ಹೆಜ್ಜೆಯ ಸದ್ದಿನಿಂದಲೇ ಅವನನ್ನು ಗುರುತಿಸುವ ತಾಯಿಗೂ ಅಂಥದೇ ಆಸೆ ಇರಬಹುದು. ಅಗಸ್ಟೀನನ ವಿನಾಯಿತಿಯಾದರೋ ಹುತಾತ್ಮರಿಗಷ್ಟೇ ನಿಂತುಹೋಗಿದೆ.