ಕಡಲ ದೀಪ, ಕಾಫಿ ಬೆಟ್ಟ
ಮೂಡಿಗೆರೆ, ಕಳಸದಿಂದ ಘಾಟಿ ಇಳಿದು ಕಡಲಿಗೆ ಹೋದ ನಮ್ಮ ಹುಡುಗರ ಕ್ಯಾಮರಾದಲ್ಲಿ ಕಾಪು ದೀಪಸ್ತಂಭ ಇದ್ದೇ ಇರುತ್ತದೆ. 1901ರಲ್ಲಿ ಕಟ್ಟಿದ ಆ ಕಂಬ ಚಿತ್ರದ ನಟ್ಟನಡುವೆ. ಕಡಲಂಚು ಅದರ ಸೊಂಟಕ್ಕೆ ಅಡ್ಡಗೆರೆ. ಚಿತ್ರ ನಾಲ್ಕು ಹೋಳು! ಕಂಬವನ್ನು ಕೊಂಚ ಪಕ್ಕಕ್ಕಿಟ್ಟು, ಅದು ನಿಂತ ಬಂಡೆಯನ್ನೂ ಒಳಗೆ ತಂದರೆ ಎತ್ತರ ತಾನಾಗಿ ತಿಳಿದೀತು. ನಮ್ಮ ದೊಡ್ಡ ತಕರಾರು ಬೇರೆಯದು. ದೀಪ ಉರಿಯುವುದು ಯಾರಿಗಾಗಿಯೋ ಆ ಮೀನುಗಾರರ ದೋಣಿಯನ್ನೇ ಇವರು ಅಡ್ಡಿಯೆಂದು ಹೊರಗಿಡುತ್ತಾರೆ. ಊರಿಗೆ ಮರಳಿದರೂ ಅದೇ ಚಾಳಿ: ಮುಳ್ಳಯ್ಯನಗಿರಿಯ ಮಂಜು ಉಂಟು, ಕಾಫಿ ಕೊಯ್ಯುವ ಹೆಂಗಸರಿಲ್ಲ, ಬಾಬಾಬುಡನ್‌ಗಿರಿಯ ಸಾಲು ಉಂಟು, ಹರಕೆ ಹೊತ್ತು ಹತ್ತಿ ಬಂದವರಿಲ್ಲ. ಮೂಡಿಗೆರೆಯ ತೇಜಸ್ವಿಯವರು ಹಕ್ಕಿಯ ಸ್ವಭಾವ ಅರಿತು ಕ್ಯಾಮರಾ ಹಿಡಿದವರು. ಇವರೂ ಒಂದು ಬೆಳಿಗ್ಗೆ ಬಲೆ ಎಳೆಯುವವರ ಪಕ್ಕ ನಿಂತು, ಅಲ್ಲಿಂದ ಕಂಬವನ್ನು ನೋಡಲಿ.