ವಚನ ಸಂಚಯವೂ ವಾಚಕರ ಶೋಧಸೌಕರ್ಯವೂ

ಶರಣರ ವಚನಗಳನ್ನು ಪದಶೋಧದೊಡನೆ ಜಾಲದಲ್ಲಿ ಒದಗಿಸಿದ 'ವಚನ ಸಂಚಯ'ವು ವಿದ್ವಾಂಸರಿಗೆ ಮಹೋಪಕಾರವನ್ನೆಸಗಿದೆ. ಆದರೆ ಇಂತಹ ತಾಣದ ಗುಣವನ್ನು ಸಂದರ್ಶಕರ ಸಂಖ್ಯೆಯಿಂದ ಅಳೆಯುವುದು ಯುಕ್ತವಲ್ಲ. ಜಾತ್ರೆಗೆ ನೆರೆದವರೆಲ್ಲರಿಗೂ ದರ್ಶನವಾಯಿತೆನ್ನಲಾದೀತೆ? ಪ್ರಾಚೀನ ಪುಲಿಗೆರೆಯಾದ ಲಕ್ಷ್ಮೇಶ್ವರದ ಅಧ್ಯಾಪಕರು ಆದಯ್ಯನ ವಚನವೊಂದನ್ನು ಅರಸುವರೆನ್ನಿ. ಒಬ್ಬರು ಕವಿಯ ಹೆಸರನ್ನು ಹಿಡಿವರು. ಒಬ್ಬರು 'ಸೌರಾಷ್ಟ್ರ ಸೋಮೇಶ್ವರ' ಎಂದು ಅಂಕಿತವನ್ನು ಬಿಡಿಸಿ ಬರೆವರು. ಮತ್ತೊಬ್ಬರು ಸಮಾಸವೆಂದು ಕೂಡಿಸಿಯೇ ಬರೆವರು. ಇವರಲ್ಲಿ ಎಷ್ಟು ಮಂದಿಗೆ, ಎಷ್ಟು ಹೊತ್ತಿನಲ್ಲಿ, ಎಷ್ಟು ಸಲ ಎಡವಿದ ಮೇಲೆ ವಚನವು ದೊರೆಯಿತೆಂಬುದೇ ನಿಜವಾದ ಅಳತೆ. ಐವರಲ್ಲಿ ನಾಲ್ವರು ಪಡೆದರೆಂದು ನೂರಕ್ಕೆ 80 ಎಂದು ಹಿಗ್ಗುವುದೂ ಸಲ್ಲದು. ನೂರಕ್ಕೆ 95ರ ನಿಶ್ಚಯವನ್ನು ಬಯಸಿದರೆ, ಗಣಿತರೀತ್ಯಾ ಆ ಪ್ರಮಾಣವು 38ರಿಂದ 96ರವರೆಗೆ ಎಲ್ಲಿಯೂ ಇರಬಹುದು. 40 ಮಂದಿಯಲ್ಲಿ 32 ಮಂದಿ ಪಡೆದರೆ ಅಂತರವು 65ರಿಂದ 90ಕ್ಕೆ ಕುಗ್ಗುವುದು. ಗದಗ, ಶಿರಹಟ್ಟಿ, ಮುಂಡರಗಿಗಳ ಶಾಲೆಗಳಿಂದ ಅಷ್ಟು ಮಂದಿಯನ್ನು ಕೂಡಿಸುವುದು ಕಷ್ಟವೇನಲ್ಲ.