ಮೇಲ್ಮೈಯ ಜಾರುವಿಕೆ ಮತ್ತು ಸ್ಟೋಕ್ಸ್ ನಿಯಮ: ಒಂದು ವಿಮರ್ಶೆ

ಘನವಸ್ತುವನ್ನು ಸ್ಪರ್ಶಿಸಿರುವ ದ್ರವ ಅಥವಾ ಅನಿಲದ ಪದರವು ಆ ವಸ್ತುವಿನ ವೇಗವನ್ನೇ ಪಡೆದಿರುತ್ತದೆಂಬ ಮಾತನ್ನು ಪಠ್ಯಗ್ರಂಥಗಳು ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತವೆ. ವಿದ್ಯಾರ್ಥಿಯು ಅದನ್ನು ನ್ಯೂಟನ್ನನ ನಿಯಮಗಳಿಗೆ ಸಮನಾದ ಮೂಲತತ್ತ್ವವೆಂದು ಭಾವಿಸುತ್ತಾನೆ. ನಮ್ಮ ದೃಷ್ಟಿಯಲ್ಲಿ ಅದು ತತ್ತ್ವವಲ್ಲ. ಪ್ರಯೋಗಾನುಭವದಿಂದ ಸಮರ್ಥನೆ ಪಡೆದ ಒಂದು ಅಂಗೀಕಾರ ಮಾತ್ರ. ಮೇಲ್ಮೈಯಲ್ಲಿನ ಜಾರುವೇಗವು ಅಲ್ಲಿ ಲಂಬದಿಕ್ಕಿನಲ್ಲಿ ವೇಗ ಬದಲಾಗುವ ದರಕ್ಕೆ ಅನುಪಾತದಲ್ಲಿರಬಹುದೆಂದು ನೇವಿಯೆಯು 1820ರ ದಶಕದಲ್ಲಿಯೇ ಸೂಚಿಸಿದ್ದನು. ಆ ಅನುಪಾತದ ಸ್ಥಿರಾಂಕವು ಒಂದು ದೂರ. ಅದನ್ನು ಜಾರುದೂರವೆಂದು ಕರೆಯೋಣ.

ಮಂದಗತಿಯ ಗೋಳದ ಮೇಲಣ ಪ್ರತಿರೋಧವು ಸ್ನಿಗ್ಧತೆ, ತ್ರಿಜ್ಯ, ವೇಗ ಇವುಗಳ ಗುಣಲಬ್ಧದ 6 ಪೈಯಷ್ಟೆಂದು ಸ್ಟೋಕ್ಸನು 1851ರಲ್ಲಿ ತೋರಿಸಿದನು. ಇದರಲ್ಲಿ ಮೂರನೆಯ ಎರಡು ಭಾಗ ಮೇಲ್ಮೈಯ ಘರ್ಷಣೆಯದು, ಉಳಿದದ್ದು ಒತ್ತಡದ್ದು. ಹಾಗಾದರೆ ಮೇಲ್ಮೈ ಸಂಪೂರ್ಣವಾಗಿ ಜಾರುವಂತಾದರೆ ಮೂರನೆಯ ಒಂದು ಭಾಗ ಮಾತ್ರ ಉಳಿಯಬೇಕಲ್ಲವೆ? ಈ ಅನುಮಾನ ಸಹಜವಾದರೂ ತಪ್ಪು. ಆಗ 6 ಪೈಗೆ ಬದಲಾಗಿ 4 ಪೈ ಬರುತ್ತದೆ. ಜಾರುವಿಕೆಯು ಇಡೀ ಪ್ರವಾಹದ ವಿನ್ಯಾಸವನ್ನೇ ಬದಲಿಸುತ್ತದೆ. ಜಾರದ ಗೋಳದ ಮೇಲೆ ಶೂನ್ಯವಾಗಿದ್ದ ಲಂಬ ಸ್ನಿಗ್ಧಬಲವು ಈಗ ತಲೆದೋರುತ್ತದೆ. ಘರ್ಷಣೆ ಅಳಿದರೂ ಸ್ನಿಗ್ಧತೆ ಅಳಿಯುವುದಿಲ್ಲ.

ಇದು ಕೇವಲ ಗಣಿತದ ಕುತೂಹಲವೆನ್ನಲಾಗದು. ಸಾಮಾನ್ಯ ಒತ್ತಡದ ಗಾಳಿಯಲ್ಲಿ ಅಣುಗಳ ಸರಾಸರಿ ಮುಕ್ತಪಥವು ಸುಮಾರು 0.07 ಮೈಕ್ರೊಮೀಟರ್, ಜಾರುದೂರವೂ ಅದೇ ಅಳತೆಯದು. 1 ಮೈಕ್ರೊಮೀಟರ್ ತ್ರಿಜ್ಯದ ಎಣ್ಣೆಹನಿಯ ಮೇಲೆ ಪ್ರತಿರೋಧವು ಸುಮಾರು 8 ಪ್ರತಿಶತ ಇಳಿಯುತ್ತದೆ. ವಿದ್ಯುದಾವೇಶದ ಗಣನೆಯಲ್ಲಿ ದೋಷವು ಅದರ ಒಂದೂವರೆಯಷ್ಟಾಗುತ್ತದೆ. ಮಿಲಿಕನ್ನನ ಪ್ರಯೋಗದಲ್ಲಿ ಹನಿ ಚಿಕ್ಕದಾದಷ್ಟೂ ಮೂಲ ಆವೇಶವು ಹೆಚ್ಚಾಗಿ ತೋರಿದ್ದು ಇದರಿಂದಲೇ. 1910ರಲ್ಲಿ ಕನಿಂಗ್‌ಹ್ಯಾಮನು ಸೂಚಿಸಿದ ಬಗೆಯ ತಿದ್ದುಪಡಿಯಿಲ್ಲದೆ ಎಲ್ಲ ಹನಿಗಳೂ ಒಂದೇ ಬೆಲೆಯನ್ನು ಕೊಡಲಾರವು.

ಆದರೆ ಜಾರುವಿಕೆಯ ಸೂತ್ರಕ್ಕೂ ಮಿತಿಯುಂಟು. ಅದರ ಪ್ರಕಾರ ಪ್ರತಿರೋಧವು ಸ್ಟೋಕ್ಸನ ಬೆಲೆಯ ಮೂರನೆಯ ಎರಡು ಭಾಗಕ್ಕಿಂತ ಕೆಳಗಿಳಿಯದು. ವಿರಳ ಅನಿಲದಲ್ಲಿಯಾದರೋ ಅದಕ್ಕಿಂತಲೂ ಬಹಳ ಇಳಿಯುತ್ತದೆ. ಮುಕ್ತಪಥವು ತ್ರಿಜ್ಯಕ್ಕೆ ಸಮನಾಗುತ್ತ ಬಂದಂತೆ ಅನಿಲವನ್ನು ಅಖಂಡ ಮಾಧ್ಯಮವೆಂದು ಎಣಿಸುವುದೇ ಸಲ್ಲದು.

ಆದಕಾರಣ ಸ್ಟೋಕ್ಸ್ ನಿಯಮವನ್ನು ಬೋಧಿಸುವಾಗ ಮೇಲ್ಮೈಯ ನಿಬಂಧನೆಯನ್ನು ನಿಬಂಧನೆಯೆಂದೇ ಹೇಳಿ, ಅದು ಯಾವಾಗ ಮುರಿಯುತ್ತದೆಂದು ವಿದ್ಯಾರ್ಥಿಯನ್ನು ಪ್ರಶ್ನಿಸುವುದು ಅಗತ್ಯವೆಂದು ನಾವು ಭಾವಿಸುತ್ತೇವೆ. ಸೂತ್ರವನ್ನು ಕಂಠಪಾಠ ಮಾಡಿದವನಿಗೆ ಮಿಲಿಕನ್ನನ ಹನಿಗಳ ಭಿನ್ನಮತವು ಪ್ರಯೋಗದೋಷವಾಗಿ ಕಾಣುವುದು. ನಿಬಂಧನೆಯನ್ನು ಅರಿತವನಿಗೆ ಅದು ಅಣುಗಳ ಸಾಕ್ಷ್ಯವಾಗಿ ಕಾಣುವುದು.